ಒಂಬತ್ತು ದಿನ ನಮ್ಮವು

ಕಲ್ಲು ಅರ್ಧ ಅಕ್ಕಿಕಾಳಿಗಿಂತ ದೊಡ್ಡದಿರಲಿಲ್ಲ. ಡಾಕ್ಟರ್ ತಬಸ್ಸುಮ್ ನದಾಫ್ ಅದನ್ನು ಚಿಮಟದಲ್ಲಿ ಹಿಡಿದು, ಪೆಟ್ಟಿಗೆಯ ಗಾಜಿನ ಬಟ್ಟಲಿಗೆ ಇಳಿಸಿ ಮುಚ್ಚಳ ಹಾಕಿದಳು. ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡತೊಡಗಿತು. ಕರಿಗುಡ್ಡದ ಮೀನು ತೂಗುವ ಶೆಡ್ಡಿನಲ್ಲಿ ನೆರೆದಿದ್ದ ಇಪ್ಪತ್ತು ಮೂವತ್ತು ಜನ ಅದರ ಪರದೆಯತ್ತ ಕತ್ತು ಚಾಚಿದರು. ಎಲ್ಲರಿಗಿಂತ ಮುಂದೆ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದವಳು ಹುಲಿಗೆಮ್ಮ. ಕರಿಗುಡ್ಡ ಕೆರೆಯ ಮೀನುಗಾರರ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಅವಳೇ ಅಧ್ಯಕ್ಷೆ. ಆ ಕಲ್ಲು ಅಂದು ಬೆಳಿಗ್ಗೆ ಅವಳ ಬಲೆಗೆ ಬಿದ್ದ ಕೊರಮೀನಿನ ತಲೆಯೊಳಗಿಂದ ಬಂದದ್ದು.

ಪರದೆಯ ಮೇಲೆ ಒಂದರ ಸುತ್ತ ಒಂದು ಉಂಗುರಗಳು ಮೂಡಿದವು, ಕಡಿದ ಮರದ ಬೊಡ್ಡೆಯಲ್ಲಿ ಕಾಣುವ ಹಾಗೆ. ನಡುವಿನವು ತಿಳಿನೀಲಿ. ಆಮೇಲೆ ಕೆಂಪು ಶುರುವಾಯಿತು. ಸಾಲಾಗಿ ಕೆಂಪು, ನಾಲ್ಕೈದು ನೀಲಿ, ಮತ್ತೆ ಸಾಲಾಗಿ ಕೆಂಪು.

"ಈ ಮೀನು ಹುಟ್ಟಿ ಏಳುನೂರಾ ತೊಂಬತ್ತು ದಿವಸ ಆಗಿತ್ತು," ಎಂದಳು ತಬಸ್ಸುಮ್. "ಅದರಾಗ ನಾನೂರಾ ಹನ್ನೆರಡು ದಿವಸ ಕಳೆನಾಶಕ ಕೂಡಿದ ನೀರಾಗ ಬದುಕೇತಿ."

"ನಾನೂರಾ ಹನ್ನೆರಡು," ಹುಲಿಗೆಮ್ಮ ನಿಧಾನವಾಗಿ ಹೇಳಿದಳು. "ಅವರ ಕಾಗದದಾಗ ಒಂದು ದಿನಾನೂ ಇಲ್ಲ."

ಮೀನಿನ ಕಿವಿಯೊಳಗೆ, ಅದು ನೀರಲ್ಲಿ ಮಗುಚಿ ಬೀಳದಂತೆ ಕಾಯಲು ಇಂಥ ಪುಟ್ಟ ಕಲ್ಲುಗಳಿರುತ್ತವೆ. ಮೀನು ಬದುಕಿರುವವರೆಗೂ ಅವುಗಳ ಮೇಲೆ ದಿನಕ್ಕೊಂದು ಸುಣ್ಣದ ಪದರ ಕೂಡುತ್ತದೆ. ಪದರಗಳ ನಡುವೆ ಪ್ರೋಟೀನಿನ ತೆಳುಪೊರೆ. ಅಂದು ನೀರಿನಲ್ಲಿ ಏನಿತ್ತೋ ಅದರ ಒಂದು ಕಣ ಆ ಪೊರೆಯಲ್ಲಿ ಸಿಕ್ಕಿಬೀಳುತ್ತದೆ. ಪದರ ಎಣಿಸಿ ಮೀನಿನ ವಯಸ್ಸು ಹೇಳುವುದು ಹಳೆಯ ವಿದ್ಯೆ. ಕಲ್ಲನ್ನು ಒಡೆಯದೆ, ಕೊರೆಯದೆ, ಬರೀ ಬೆಳಕು ಹಾಯಿಸಿ ಪ್ರತಿ ಪೊರೆಯಲ್ಲಿ ಸಿಕ್ಕಿದ್ದನ್ನು ಓದುವುದು ಹೊಸದು. ತಬಸ್ಸುಮ್ ಧಾರವಾಡದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ತಿಣುಕಿ ಅದನ್ನು ಸಾಧಿಸಿದ್ದಳು. ಯಂತ್ರಕ್ಕೆ ಅವಳಿಟ್ಟ ಹೆಸರು 'ಪದರದರ್ಶಕ'. ಜನ ಅದನ್ನು 'ಕಲ್ಲೋದೋ ಪೆಟಗಿ' ಎಂದು ಕರೆದರು, ಅದೇ ನಿಂತಿತು.

ಪೆಟ್ಟಿಗೆ ಹೊರಬಂದ ಎರಡೇ ವರ್ಷದಲ್ಲಿ ಏನೆಲ್ಲ ಆಗಿಹೋಗಿತ್ತು! ಪೇಟೆಯಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವುದನ್ನು ಬಿಟ್ಟು, "ಕಲ್ಲು ಓದಿಸಿದ್ದೇನ್ರೀ?" ಎಂದು ಕೇಳತೊಡಗಿದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಲೇ ಊರ ಕೆರೆಯ ಬಣ್ಣ ವಿಚಾರಿಸಿ, ಕೆಂಪು ಎಂದು ಗೊತ್ತಾದೊಡನೆ ಕೈ ತೊಳೆದುಕೊಂಡು ಎದ್ದದ್ದೂ ಉಂಟು. ನೀರನ್ನು ಕೆಡಿಸಿ ಕೈತೊಳೆದುಕೊಳ್ಳುವವರಿಗೆ ಮಾತ್ರ ಈ ಪೆಟ್ಟಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಕರಿಗುಡ್ಡ ತುಂಗಭದ್ರೆಯ ಎಡದಂಡೆ ಕಾಲುವೆಯ ತುದಿಯಲ್ಲಿರುವ ಊರು. ಮೇಲಿನ ಹನ್ನೆರಡು ಸಾವಿರ ಎಕರೆ ಭತ್ತದ ಗದ್ದೆಗಳ ಬಸಿನೀರೆಲ್ಲ ಒಂದು ಬಸಿಗಾಲುವೆ ಹಿಡಿದು ಈ ಕೆರೆಗೆ ಇಳಿಯುತ್ತದೆ. ಆ ಗದ್ದೆಗಳ ಕಳೆ ತೆಗೆಯುವ ಗುತ್ತಿಗೆ 'ಸಸ್ಯಶುದ್ಧಿ' ಎಂಬ ಕಂಪನಿಯದು. ಅದರ ಡ್ರೋನ್‌ಗಳು ಮಿಡತೆಯ ಹಿಂಡಿನಂತೆ ಬಂದು ಎಣ್ಣೆ ಹೊಡೆದು ಹೋಗುತ್ತಿದ್ದವು. ಕಳೆನಾಶಕಕ್ಕೆ ಈ ಸೀಮೆಯವರು ಎಣ್ಣೆ ಎಂದೇ ಹೇಳುವುದು. ಕಂಪನಿ ಪ್ರತಿ ತಿಂಗಳು ಇಪ್ಪತ್ತೈದಕ್ಕೆ ಕೆರೆಯ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆ ಮಾಡಿಸುತ್ತಿತ್ತು. ಪ್ರತಿ ಸಲವೂ 'ದೋಷವಿಲ್ಲ' ಎಂಬ ವರದಿ ಬರುತ್ತಿತ್ತು.

ಆದರೆ ಕೆರೆ ಸೊರಗುತ್ತಿತ್ತು. ಹುಲ್ಲು ಸಾಯಿಸಲು ಮಾಡಿದ ಔಷಧಕ್ಕೆ ಗದ್ದೆಯ ಹುಲ್ಲು ಯಾವುದು, ನೀರಿನ ಪಾಚಿ ಯಾವುದು ಎಂದು ತಿಳಿಯುವುದಿಲ್ಲ. ಕಣ್ಣಿಗೆ ಕಾಣದ ಹಸಿರು ಕಣಗಳು ಮೊದಲು ಸತ್ತವು. ಅವನ್ನು ತಿನ್ನುವ ನೀರುಹುಳುಗಳು ಆಮೇಲೆ ಕಡಿಮೆಯಾದವು. ಹುಳು ತಿಂದು ಬೆಳೆಯಬೇಕಾದ ಮರಿಮೀನುಗಳು ಹೊಟ್ಟೆಗಿಲ್ಲದೆ ಸತ್ತವು. ಔಷಧ ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂಥ ದ್ರವ ಮೀನಿನ ಕಿವಿರನ್ನು ಕೆಡಿಸಿತು. ಯಾವ ಮೀನೂ ಒಂದೇ ಏಟಿಗೆ ಸಾಯಲಿಲ್ಲವಾದ್ದರಿಂದ ಯಾರ ಮೇಲೂ ದೂರು ಹೇಳುವಂತಿರಲಿಲ್ಲ. ಕೊರಮೀನು ಮಾತ್ರ ಬಡಪೆಟ್ಟಿಗೆ ಬಗ್ಗುವ ಜಾತಿಯಲ್ಲ. ನೀರು ಕೆಟ್ಟರೆ ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತದೆ. ಉಳಿದವೆಲ್ಲ ಹೋದರೂ ಅದು ಉಳಿದಿತ್ತು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾತ್ರ ಕೆರೆ ತುಂಬ ಮೀನು ಹೊಟ್ಟೆ ಮೇಲಾಗಿ ತೇಲಿದವು. ಅದನ್ನೇ ಹಿಡಿದುಕೊಂಡು ಕಂಪನಿ ಅರ್ಜಿ ಹಾಕಿತು: ಕೆರೆ ನೋಡಿಕೊಳ್ಳುವ ಯೋಗ್ಯತೆ ಈ ಸಂಘಕ್ಕಿಲ್ಲ, ಹೇಗೂ ಸತ್ತ ಕೆರೆ, ನಮ್ಮ ಡ್ರೋನ್‌ಗಳಿಗೆ ನೀರು ತುಂಬಿಸಿಕೊಳ್ಳಲು ಕೊಡಿ. ವಿಚಾರಣೆಗೆ ಜಲ ನ್ಯಾಯಮಂಡಳಿ ಗುರುವಾರ ಕರಿಗುಡ್ಡಕ್ಕೇ ಬರುವುದಿತ್ತು. ಅರವತ್ತೆರಡು ಮನೆಗಳ ಬದುಕು ಆ ಒಂದು ದಿನದ ಮೇಲೆ ನಿಂತಿತ್ತು.

"ಒಂದು ಮೀನಿನ ಕಲ್ಲು ಸಾಲೋದಿಲ್ಲವ್ವ," ತಬಸ್ಸುಮ್ ಹೇಳಿದಳು. "ಇದೊಂದು ಹೆಂಗೋ ಆಗೇತಿ ಅಂತಾರ. ಹಳೇ ಕಲ್ಲು ಎಲ್ಲ್ಯಾರ ಸಿಗತಾವೇನು? ಐದು ವರ್ಷದ್ದು, ಹತ್ತು ವರ್ಷದ್ದು?"

ಶೆಡ್ಡಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿಗೆಮ್ಮ ನಕ್ಕಳು. "ತಂಗಿ, ನೀ ಮನಿಗೆ ಬಾ."

ಅವಳ ಮನೆತನದಲ್ಲಿ ಒಂದು ಪದ್ಧತಿ. ಶ್ರಾವಣ ಮುಗಿಯುವವರೆಗೆ ಕೆರೆಗೆ ಬಲೆ ಇಳಿಸುವುದಿಲ್ಲ. ಮುಗಿದ ಮೇಲೆ ಮೊದಲ ದಿನ ಬಿದ್ದ ಕೊರಮೀನಿನ ತಲೆಯಿಂದ ಎರಡು ಕಲ್ಲು ತೆಗೆದು, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಬಲೆಯ ಮೂಲೆಗೆ ಸೇರಿಸುತ್ತಾರೆ. ಬಲೆಗೆ ಕಣ್ಣು ಕೊಡುವುದು ಎನ್ನುತ್ತಾರೆ ಅದಕ್ಕೆ. ಕಣ್ಣಿಲ್ಲದ ಬಲೆ ಬಸುರಿ ಮೀನನ್ನೂ ಮರಿಯನ್ನೂ ಬಾಚಿಕೊಳ್ಳುತ್ತದಂತೆ. ಮುಂದಿನ ವರ್ಷ ಹೊಸ ಕಣ್ಣು ಕೊಟ್ಟಾಗ ಹಳೆಯ ಗಂಟನ್ನು ಬಿಸಾಡುವಂತಿಲ್ಲ. ಅದನ್ನು ಒಂದು ದಾರಕ್ಕೆ ಕಟ್ಟಿ ದೇವರ ಮಾಡದಲ್ಲಿ ತೂಗುಹಾಕಬೇಕು.

ಹುಲಿಗೆಮ್ಮ ಮಾಡದಿಂದ ದಾರ ಇಳಿಸಿದಳು. ಕುಂಕುಮ, ಎಣ್ಣೆ, ಹೊಗೆ ಕುಡಿದು ಕರ್ರಗಾಗಿದ್ದ ಮೂವತ್ತೇಳು ಗಂಟುಗಳು. ವರ್ಷಕ್ಕೊಂದು.

ತಬಸ್ಸುಮ್ ಅವನ್ನು ನೋಡಿ ನೆಲದ ಮೇಲೆ ಕೂತೇಬಿಟ್ಟಳು. "ಅವ್ವಾ, ನನ್ನ ಪ್ರಯೋಗಾಲಯದಾಗ ಇಷ್ಟು ಇಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಹೊಗೆ ಹಿಡಿದ ಹಳೆಯ ಕಲ್ಲಿಗೆ ಹೊಂದಿಸುವಷ್ಟರಲ್ಲೇ ಎರಡು ದಿನ ಹಗಲೆಲ್ಲ ಪೆಟ್ಟಿಗೆ ಗುಂಯ್‌ಗುಟ್ಟಿತು. ಬುಧವಾರ ಮಧ್ಯಾಹ್ನ, ಹೊಸದರಿಂದ ಹಿಂದಕ್ಕೆ ಓದುತ್ತ, ಮೇಲಿನಿಂದ ಮೂರನೆಯ ಗಂಟಿನ ಕಲ್ಲು ಹಾಕಿದಾಗ ತಬಸ್ಸುಮ್ ಮುಖ ಸಣ್ಣದಾಯಿತು. ಕೆಂಪಿನ ನಡುವೆ ಹಳದಿ ಉಂಗುರಗಳು, ಎಣಿಸಿದರೆ ಒಂಬತ್ತು.

"ಇದು ಗದ್ದೆಗೆ ಹೊಡೆಯೋ ಎಣ್ಣೆ ಅಲ್ಲ," ಎಂದಳು. "ಬ್ಯಾರೆ. ನೀರಿನ ಮ್ಯಾಲಿನ ಕಳೆ ಕೊಲ್ಲೋದು. ಮೀನು ತೇಲಿದ್ವಲ್ಲ, ಅದೇ ಬ್ಯಾಸಗಿ. ಯಾರೋ ಕೆರೆ ಒಳಗ ನಿಂತು ಹೊಡದಾರ."

ಪಕ್ಕದಲ್ಲಿದ್ದ ಸಂಘದ ಕಾರ್ಯದರ್ಶಿ ಯಂಕೋಬ ಬಾಗಿಲು ಮುಂದೆ ಮಾಡಿ ಬಂದು ಕೂತ.

ಯಾರೋ ಅಲ್ಲ. ಆ ವರ್ಷ ಅಂತರಗಂಗೆ ಎಂಬ ತೇಲುಕಳೆ ಕೆರೆಯನ್ನು ಕಂಬಳಿ ಹೊದಿಸಿದಂತೆ ಮುಚ್ಚಿತ್ತು. ಬಲೆ ಬೀಸಿದರೆ ಬೇರಿನ ಮೇಲೆ ಬೀಳುತ್ತಿತ್ತು. ಕಳೆ ಎತ್ತುವ ಯಂತ್ರ ಕಳಿಸಿರೆಂದು ಕಚೇರಿಗೆ ಆರು ಸಲ ಅಲೆದರೂ ಯಂತ್ರ ಬರಲಿಲ್ಲ. ಕೊನೆಗೆ ಅಂಗಡಿಯವನೊಬ್ಬ ಕ್ಯಾನು ಕೊಟ್ಟ. ಮೀನಿಗೆ ಕೂದಲೂ ಕೊಂಕುವುದಿಲ್ಲ ಎಂದ. ಹುಲಿಗೆಮ್ಮನೇ ಹರಗೋಲಿನಲ್ಲಿ ನಿಂತು ಹೊಡೆದಳು. ಮೂರು ದಿನದಲ್ಲಿ ಅಂತರಗಂಗೆ ಬಾಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅಷ್ಟೂ ಸೊಪ್ಪು ಒಮ್ಮೆಲೇ ನೀರಿನಲ್ಲಿ ಕೊಳೆಯಿತು. ಕೊಳೆಯುವ ಸೊಪ್ಪು ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಂಡಿತು. ಒಂಬತ್ತನೆಯ ದಿನ ಮೀನು ತೇಲಿದವು. ಕಂಪನಿಯ ಎಣ್ಣೆಯಿಂದಲೇ ಹೀಗಾಯಿತೆಂದು ಊರು ಬೈಯಿತು. ಹುಲಿಗೆಮ್ಮ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಮೂರು ವರ್ಷದಿಂದ ಆ ಮಾತು ಅವಳ ಎದೆಯಲ್ಲಿ ಕೂತಿತ್ತು.

"ಇದೊಂದು ಗಂಟು ಬಿಟ್ಟುಬಿಡೂಣು ಅಕ್ಕಾ," ಯಂಕೋಬ ಮೆಲ್ಲಗೆ ಹೇಳಿದ. "ಮೂವತ್ತೇಳರಾಗ ಒಂದು ಕಮ್ಮಿ ಆದ್ರ ಯಾರಿಗೆ ತಿಳೀತೈತಿ? ಇಲಿ ತಿಂದೈತಿ ಅನ್ನೂಣು."

"ಗಂಗಮ್ಮನ ಮಾಡದಾಗ ಇಲಿ ತಿಂತಾ?"

"ಹಂಗಾದ್ರ ಕೆರಿ ಹೋಗಲಿ ಅಂತೀ? ಅರವತ್ತೆರಡು ಮನಿ ಅಕ್ಕಾ! ನೀ ಒಬ್ಬಾಕಿ ನೆಟ್ಟಗಿರಾಕ ಎಲ್ಲಾರ ಹೊಟ್ಟಿ ಮ್ಯಾಲೆ ಹೊಡೀತಿಯೇನು?"

ಆ ಮಾತು ಚುಚ್ಚಿತು. ಹುಲಿಗೆಮ್ಮ ತಬಸ್ಸುಮ್ ಕಡೆ ನೋಡಿದಳು. ತಬಸ್ಸುಮ್ ತಲೆ ಎತ್ತಲಿಲ್ಲ. "ನಾ ಹಾಕಿದ ಕಲ್ಲು ಓದತೀನಿ ಅವ್ವ. ಹಾಕದ ಕಲ್ಲಿನ ಮಾತು ನನಗ ಬರೂದಿಲ್ಲ. ಆದ್ರ ಯಾರಾದ್ರೂ ಕೇಳಿದ್ರ ಸುಳ್ಳು ಹೇಳಂಗಿಲ್ಲ."

ಹುಲಿಗೆಮ್ಮ ಎದ್ದು ಮೂರನೆಯ ಗಂಟನ್ನು ಮತ್ತೆ ದಾರಕ್ಕೆ ಕಟ್ಟಿ, ಎಳೆದು ಬಿಗಿ ನೋಡಿದಳು.

"ಯಂಕೋಬಾ, ಅವರು ಇಪ್ಪತ್ತೈದನೇ ತಾರೀಕು ಒಂದ ತೋರಿಸಿ ಉಳಿದ ದಿನ ಮುಚ್ಚತಾರ. ನಾವೂ ಒಂದು ಗಂಟು ಮುಚ್ಚಿದ್ರ ಅವರಿಗೂ ನಮಗೂ ಏನು ಫರಕು? ನಡಿ, ನಾಳಿ ಪೂರ್ತಿ ಸರ ಒಯ್ಯೂಣು."

ಗುರುವಾರ ಸಮುದಾಯ ಭವನ ಕಿಕ್ಕಿರಿದಿತ್ತು. ನ್ಯಾಯಮಂಡಳಿಯ ಪರವಾಗಿ ನ್ಯಾಯಾಧೀಶೆ ಸುಲೋಚನಾ ಬೆಳ್ಳಿಗಟ್ಟಿ ಕೂತಿದ್ದರು. ಕಂಪನಿಯ ವಕೀಲ ನಿರಂಜನ ಸವಣೂರ ಎರಡು ಪೆಟ್ಟಿಗೆ ಕಾಗದ ತಂದಿದ್ದರು. ಯಂತ್ರದ ಮುಂದೆ ತಬಸ್ಸುಮ್ ನಿಲ್ಲುವ ಮೊದಲೇ ಅವರು ಎದ್ದರು.

"ಮೀನಿನ ಕಲ್ಲು ಸಾಕ್ಷಿ ಹೇಳುತ್ತದೆ ಎಂಬುದೇ ಹಾಸ್ಯಾಸ್ಪದ. ಈ ಯಂತ್ರ ಇನ್ನೂ ಎಳೆಯದು. ಇದರ ಮಾತನ್ನು ನಂಬಿ ಹನ್ನೆರಡು ಸಾವಿರ ಎಕರೆಯ ಬೇಸಾಯ ನಿಲ್ಲಿಸಲಾಗದು."

ಹುಲಿಗೆಮ್ಮ ಎದ್ದು ನಿಂತಳು. "ನಂಬಬ್ಯಾಡ್ರಿ. ಮೊದಲ ಮೂರನೇ ಗಂಟು ಹಾಕಿ ನೋಡ್ರಿ. ಅದರಾಗ ನಮ್ಮದ ಐತಿ."

ಯಂಕೋಬ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಲ್ಲು ಒಳಗೆ ಹೋಯಿತು. ಪರದೆಯ ಮೇಲೆ ಒಂಬತ್ತು ಹಳದಿ ಉಂಗುರಗಳು ಬಂದವು. ತಬಸ್ಸುಮ್ ಅದೇನೆಂದು ಒಂದಕ್ಷರ ಬಿಡದೆ ವಿವರಿಸಿದಳು.

ಸವಣೂರ ವಕೀಲರ ಮುಖ ಅರಳಿತು. "ನೋಡಿ! ಕೆರೆ ಕೊಂದವರು ಯಾರೆಂದು ಇವರೇ ತಂದ ಯಂತ್ರ ಬೊಟ್ಟು ಮಾಡಿ ತೋರಿಸುತ್ತಿದೆ. ದಿನವನ್ನೂ ಹೇಳುತ್ತಿದೆ, ಔಷಧವನ್ನೂ ಹೇಳುತ್ತಿದೆ. ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಇನ್ನೇನು ಬೇಕು? ದಯವಿಟ್ಟು ಇದನ್ನು ದಾಖಲಿಸಿಕೊಳ್ಳಬೇಕು."

"ದಾಖಲಿಸಿಕೊಂಡಿದ್ದೇನೆ," ಎಂದರು ನ್ಯಾಯಾಧೀಶೆ. "ಯಂತ್ರದ ಮಾತನ್ನು ತಾವು ಒಪ್ಪುತ್ತೀರಿ."

ವಕೀಲರು ಬಾಯಿ ತೆರೆದರು. ಎರೆ ನುಂಗಿದ ಮೇಲೆ ಗಾಳದ ನೆನಪಾದ ಮೀನಿನ ಹಾಗಿತ್ತು ಅವರ ಅವಸ್ಥೆ.

ಹುಲಿಗೆಮ್ಮನಿಗೆ ನಗು ಬರಲಿಲ್ಲ. ಅವಳು ತಲೆ ತಗ್ಗಿಸದೆ ಮಾತಾಡಿದಳು.

"ಒಂಬತ್ತು ದಿನ ನಮ್ಮವು. ನಾನ ಹೊಡದೀನಿ, ಈ ಕೈಲೇ. ಯಾರೂ ಹೇಳಿಕೊಟ್ಟಿಲ್ಲ ಅನ್ನಂಗಿಲ್ಲ, ಅಂಗಡಿಯಾವ ಹೇಳಿದ್ದ. ಆದ್ರ ಕೈ ನಂದು. ಕೆರಿ ತುಂಬ ಮೀನು ತೇಲಿದ್ದು ಕಂಡು ನಾ ಉಣ್ಣಲಿಲ್ಲ, ಬಾಯೂ ಬಿಡಲಿಲ್ಲ. ಅದು ನನ್ನ ತಪ್ಪು. ನೀವು ಏನು ಶಿಕ್ಷಾ ಕೊಡ್ತೀರೋ ಕೊಡ್ರಿ. ಈಗ ಉಳಿದ ಮೂವತ್ತಾರು ಗಂಟು ಬಿಚ್ಚ್ರಿ. ಆ ದಿನಗೋಳು ಯಾರವು ಅಂತ ಅವರೂ ಎದ್ದು ನಿಂತು ಹೇಳಲಿ."

ಮಧ್ಯಾಹ್ನ ಊಟಕ್ಕೂ ಯಾರೂ ಏಳಲಿಲ್ಲ. ಒಂದೊಂದೇ ಗಂಟು ಬಿಚ್ಚುತ್ತ, ಒಂದೊಂದೇ ಕಲ್ಲು ಓದಿಸುತ್ತ ಹೋದರು. ಕೆಂಪು ಉಂಗುರಗಳ ಲೆಕ್ಕ ಸಾವಿರ ದಾಟಿತು, ಮೂರು ಸಾವಿರ ದಾಟಿತು. ಆಗ ನ್ಯಾಯಾಧೀಶೆ ಕನ್ನಡಕ ಏರಿಸಿ ಕೇಳಿದರು: "ಡಾಕ್ಟರೇ, ನಡುನಡುವೆ ನಾಲ್ಕೈದು ನೀಲಿ ಉಂಗುರ ಬರುತ್ತವಲ್ಲ, ಅದೂ ಒಂದೇ ಅಂತರದಲ್ಲಿ. ಆ ದಿನಗಳು ಯಾವುವು?"

ತಬಸ್ಸುಮ್ ಈ ಪ್ರಶ್ನೆಗೇ ಕಾದಿದ್ದವಳಂತೆ ತಾರೀಕುಗಳನ್ನು ಪರದೆಗೆ ತಂದಳು. ಇಪ್ಪತ್ತೆರಡರಿಂದ ಇಪ್ಪತ್ತೈದು. ಮುಂದಿನ ತಿಂಗಳು ಇಪ್ಪತ್ತೊಂದರಿಂದ ಇಪ್ಪತ್ತೈದು. ಪ್ರತಿ ತಿಂಗಳೂ ನೀರು ಬಾಟಲಿಗೆ ತುಂಬುವ ದಿನಕ್ಕೆ ಸರಿಯಾಗಿ ಕೆರೆ ಶುಭ್ರವಾಗುತ್ತಿತ್ತು, ಇಪ್ಪತ್ತಾರಕ್ಕೆ ಮತ್ತೆ ಕೆಂಪಾಗುತ್ತಿತ್ತು.

"ಆ ನಾಕು ದಿನ ಬಸಿಗಾಲುವೆ ತೂಬು ಮುಚ್ಚಿರತಾರ್ರಿ," ಹಿಂದಿನಿಂದ ಯಂಕೋಬ ಕೂಗಿದ. ಅವನು ಈಗ ಮುಖದಿಂದ ಕೈ ತೆಗೆದಿದ್ದ. "ರಿಪೇರಿ ಅಂತಿದ್ರು! ತಿಂಗಳಾ ತಿಂಗಳಾ ರಿಪೇರಿ!"

ಭವನದಲ್ಲಿ ಗದ್ದಲವೆದ್ದಿತು. ಸವಣೂರ ವಕೀಲರು ತಮ್ಮ ಕಾಗದಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು.

ಸಂಜೆ ನಾಲ್ಕಕ್ಕೆ ಆದೇಶ ಬಂತು. ಬಸಿಗಾಲುವೆಗೆ ನೀರು ಹರಿಯುವ ಯಾವ ಗದ್ದೆಗೂ ಇನ್ನು ಕಳೆನಾಶಕ ಹೊಡೆಯಕೂಡದು. ಕಂಪನಿಯ ವರದಿಗಳ ಮೇಲೆ ಬೇರೆ ತನಿಖೆ. ಕೆರೆ ಸಂಘದಲ್ಲೇ ಉಳಿಯುತ್ತದೆ. ಆದರೆ ಆ ಒಂಬತ್ತು ದಿನಗಳಿಗಾಗಿ ಸಂಘ ಒಂದು ವರ್ಷ ಕೆರೆಗೆ ಬಲೆ ಇಳಿಸುವಂತಿಲ್ಲ.

ಜನ ಗೊಣಗಿದರು. ಹುಲಿಗೆಮ್ಮ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು.

"ಆಗಲಿ ಅಮ್ಮಾರೆ. ಒಂದು ವರ್ಷ ನಾವು ಭತ್ತದ ಗದ್ದಿಗೆ ಹೋಗಿ ಕಳೆ ಕೀಳತೀವಿ, ಕೈಲೇ. ಅಲ್ಲೀಗ ಕೈ ಬೇಕಾಗತಾವು. ಒಂಬತ್ತು ದಿನಕ್ಕ ಒಂದು ವರ್ಷ ಅಂದ್ರಿ. ಬರೋಬ್ಬರಿ. ಅವರ ದಿನಕ್ಕ ಎಷ್ಟು ವರ್ಷ ಆಕ್ಕೈತಿ, ಅದನ್ನೂ ಇದ ಲೆಕ್ಕದಾಗ ಹಾಕ್ರಿ."

ನ್ಯಾಯಾಧೀಶೆ ತುಟಿ ಬಿಗಿದು ನಗು ತಡೆದುಕೊಂಡರು. ಜನ ಕರಗಿದ ಮೇಲೆ ಅವರು ಕುರ್ಚಿ ಬಿಟ್ಟು ಇಳಿದು, ತಬಸ್ಸುಮ್ ಪೆಟ್ಟಿಗೆಯ ಬಳಿ ಬಂದು ನಿಂತರು. ದಾರದ ಕೊನೆಯಲ್ಲಿ ಒಂದು ಗಂಟು ಬಿಚ್ಚದೆ ಉಳಿದಿತ್ತು. ಅದರ ಬಟ್ಟೆ ಹಳದಿ ಹೂವಿನ ಸೀರೆಯ ಅಂಚಿನದು.

"ಇದು ಯಾವ ವರ್ಷದ್ದು?"

"ಎರಡು ಸಾವಿರದ ಇಪ್ಪತ್ತಾರು," ಎಂದಳು ತಬಸ್ಸುಮ್.

"ನಂದು ಲಗ್ನ ಆದ ವರ್ಷ," ಹುಲಿಗೆಮ್ಮ ಗಂಟು ಬಿಚ್ಚುತ್ತ ಹೇಳಿದಳು. "ನಮ್ಮತ್ತಿ ಈ ದಾರ ಹೊಸದಾಗಿ ಹೊಸೆದು ನನ್ನ ಕೈಯಾಗ ಕೊಟ್ಟು, ಇನ್ನ ನೀ ಕಣ್ಣು ಕೊಡು ಅಂದ್ಲು. ಇಪ್ಪತ್ತು ವರ್ಷದ ಹುಡುಗಿ ನಾ. ಇದು ನಾ ಕಟ್ಟಿದ ಮೊದಲನೇ ಗಂಟು."

ಕಲ್ಲು ಒಳಗೆ ಹೋಯಿತು. ಉಂಗುರಗಳು ಮೂಡಿದವು. ನೀಲಿ, ನೀಲಿ, ಅಂಚಿನತನಕ ನೀಲಿ. ಇಡೀ ದಿನ ಕೆಂಪು ನೋಡಿದ್ದ ಕಣ್ಣುಗಳಿಗೆ ಅದು ತಂಪಾಗಿತ್ತು. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದೇ ಕೆರೆ, ಇದೇ ನೀರು. ಆಗ ದಂಡೆಯ ಜೊಂಡಿನ ಬುಡದಲ್ಲಿ ಕೊರಮೀನಿನ ಕೆಂಪು ಮರಿಗಳು ಗುಂಪುಗಟ್ಟಿ ಆಡುತ್ತಿದ್ದವು, ತಾಯಿಮೀನು ಕೆಳಗೆ ಕಾವಲಿರುತ್ತಿತ್ತು. ಹರಗೋಲು ಹತ್ತಿರ ಹೋದರೆ ಮುನ್ನುಗ್ಗಿ ಬರುತ್ತಿತ್ತು.

ತಬಸ್ಸುಮ್ ಚಿತ್ರವನ್ನು ದೊಡ್ಡದು ಮಾಡಿದಳು. ಹೊರ ಅಂಚಿಗೆ ಹತ್ತಿರ, ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ ಕಂಡಿತು. ಎರಡು ಉಂಗುರ ಬಿಟ್ಟು ಇನ್ನೊಂದು. ಎಲ್ಲ ಸೇರಿ ಹನ್ನೊಂದು.

"ಶುರುವಾಗಿದ್ದು ಇಲ್ಲಿ," ಎಂದಳು.

"ಆಗ ಹನ್ನೊಂದೇ ದಿನ," ನ್ಯಾಯಾಧೀಶೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಪಾಪ, ಆಗಿನವರಿಗೆ ಗೊತ್ತಾಗುವುದಾದರೂ ಹೇಗೆ? ಇಂಥ ಪೆಟ್ಟಿಗೆ ಇರಲಿಲ್ಲವಲ್ಲ."

"ಗೊತ್ತಿತ್ತ್ರೀ," ಹುಲಿಗೆಮ್ಮ ಥಟ್ಟನೆ ಹೇಳಿದಳು.

ಇಬ್ಬರೂ ಅವಳ ಕಡೆ ತಿರುಗಿದರು.

"ಆ ವರ್ಷ ಗದ್ದಿಗೆ ಎಣ್ಣಿ ಬಂದಾಗ ನಾವ ಕುಣದಾಡಿದ್ವಿ. ಬಗ್ಗಿ ಬಗ್ಗಿ ಕಳೆ ಕಿತ್ತು ನಡಾ ಹೋಗಿತ್ತು, ಇನ್ನ ಆರಾಮ ಅಂತ. ಅದ ಮಳಿಗಾಲದಾಗ ಕಪ್ಪಿ ಒದರೋದು ಕಮ್ಮಿ ಆತು. ನಮ್ಮತ್ತಿ ಕಟ್ಟಿ ಮ್ಯಾಲೆ ಕುಂತು, ಈ ಸಲ ಕಪ್ಪಿಗೆ ಏನಾಗೇತಿ ಅಂತ ಬಂದೋರನ್ನೆಲ್ಲಾ ಕೇಳ್ತಿದ್ಲು. ಜೊಂಡು ಸುಟ್ಟಂಗ ಆಗಿತ್ತು. ಕಣ್ಣಿದ್ದೋರೆಲ್ಲಾ ನೋಡಿದ್ರು. ಮುದಕಿಗೆ ಅರಳು ಮರಳು ಅಂತ ನಕ್ಕು ಹೋದ್ರು. ನಾನೂ ನಕ್ಕಿದ್ದೆ."

ಅವಳು ಕಲ್ಲನ್ನು ಬಟ್ಟಲಿನಿಂದ ತೆಗೆದು ಹಳದಿ ಹೂವಿನ ಬಟ್ಟೆಯಲ್ಲಿ ಸುತ್ತಿ, ಮತ್ತೆ ಅದೇ ಗಂಟು ಹಾಕಿದಳು.

"ಅವತ್ತ ಆ ಮುದಕಿ ಮಾತು ಒಬ್ಬರು ಕೇಳಿದ್ರೂ, ಇವತ್ತ ನಿಮಗ ಈ ಪೆಟಗಿ ಬೇಕಾಗ್ತಿರಲಿಲ್ರಿ."